ಕಲ್ಯಾಣಿಯೂ ಬಾಳೆಕಾಯಿ ಬಜ್ಜಿಯೂ

ಕಲ್ಯಾಣಿ ರಾಗ ಕಿವಿಗೆ ಬಿದ್ದರೆ ನನ್ನ ಮೂಗಿಗೆ ಬಜ್ಜಿಯ ವಾಸನೆ ಬಡಿಯುತ್ತದೆ. ಸಂಗೀತ ಬಲ್ಲವರ ಎದುರು ಇದನ್ನು ಹೇಳಿ ಒಂದೆರಡು ಸಲ ಪೇಚಿಗೆ ಸಿಕ್ಕಿದ್ದೇನೆ. ಚೌಡಯ್ಯ ಸ್ಮಾರಕ ಭವನದಲ್ಲಿ ಒಮ್ಮೆ ವಿದ್ವಾಂಸರೊಬ್ಬರು ಕಲ್ಯಾಣಿಯನ್ನು ಸಾವಕಾಶವಾಗಿ ಎತ್ತಿಕೊಂಡಿದ್ದರು. ಅಕ್ಕಪಕ್ಕದವರೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಿರುವಾಗ ನಾನು ಎದ್ದು ಕ್ಯಾಂಟೀನಿನ ಕಡೆ ನಡೆದೆ. ನನ್ನನ್ನು ಅರಸಿಕನೆಂದು ಅಂದುಕೊಂಡಿರಬೇಕು. ಅವರಿಗೇನು ಗೊತ್ತು, ಆ ರಾಗಕ್ಕೆ ಬಾಯಲ್ಲಿ ನೀರೂರಿದ್ದು ಇಡೀ ಸಭೆಯಲ್ಲಿ ನನಗೊಬ್ಬನಿಗೇ.

ಇದಕ್ಕೆಲ್ಲ ನಮ್ಮ ಚಿಕ್ಕಮ್ಮನೇ ಕಾರಣ.

ಸಂಪಿಗೆ ರಸ್ತೆಯಿಂದ ಒಂದು ಕ್ರಾಸಿಗೆ ತಿರುಗಿದರೆ ತಾತನ ಮನೆ. ಕೆಂಪು ಗಾರೆಯ ಜಗಲಿ, ಅದರ ಮೇಲೆ ತಾತ, ತಾತನ ಮೇಲೆ ಪತ್ರಿಕೆ. ಎಪ್ಪತ್ತರ ದಶಕದ ನಡುವಿನ ಮಾತಿದು. ಆ ಬೀದಿಯಲ್ಲಿ ಗಡಿಯಾರ ನೋಡುವ ಪದ್ಧತಿ ಅಷ್ಟಾಗಿ ಇರಲಿಲ್ಲ. ಬೆಳಿಗ್ಗೆ ಆಕಾಶವಾಣಿಯ ಮುದ್ರಾಸಂಗೀತ ಬಂದರೆ ಒಲೆಯ ಮೇಲೆ ಹಾಲಿಡಬೇಕು. (ಹಿಟ್ಲರನ ಕಾಟ ತಾಳದೆ ಬೊಂಬಾಯಿಗೆ ಬಂದು ಸೇರಿದ ವಾಲ್ಟರ್ ಕಾಫ್‌ಮನ್ ಎಂಬ ಯಹೂದಿ ಸಂಗೀತಗಾರ ಅದನ್ನು ರಚಿಸಿದ್ದು ಎಂದು ನನಗೆ ತಿಳಿದದ್ದು ತೀರ ಈಚೆಗೆ. ಅಜ್ಜಿಯಂತೂ ಅದು ಸುಪ್ರಭಾತದ ಮೊದಲ ಭಾಗ ಎಂದೇ ಕೊನೆಯವರೆಗೂ ನಂಬಿದ್ದಳು.) ಎದುರುಮನೆ ಹುಡುಗಿಯ ಸರಳೆ ವರಸೆ ಒಂದನೇ ಕಾಲದಲ್ಲಿದ್ದರೆ ಇನ್ನೂ ಹೊತ್ತಿದೆ, ಮೂರನೇ ಕಾಲಕ್ಕೆ ಓಡುತ್ತಿದ್ದರೆ ನಮಗೆ ಸ್ಕೂಲಿಗೆ ಹೊತ್ತಾಯಿತು. ಮಲ್ಲೇಶ್ವರದಲ್ಲಿ ಆಗ ಹುಟ್ಟಿದ ಮಕ್ಕಳೆಲ್ಲ ಒಮ್ಮೆಯಾದರೂ ಮೇಷ್ಟ್ರ ಎದುರು ಚಾಪೆಯ ಮೇಲೆ ಕೂತು ಮಾಯಾಮಾಳವಗೌಳದಲ್ಲಿ ಬಾಯಿ ತೆರೆದವರೇ. ಮುಕ್ಕಾಲುಪಾಲು ಮಂದಿ ಪಿಳ್ಳಾರಿ ಗೀತೆಯ ಹತ್ತಿರ ಇಳಿದುಕೊಂಡರು. ನಾನು ಅದಕ್ಕೂ ಎರಡು ಸ್ಟಾಪು ಹಿಂದೆಯೇ, ಜಂಟಿ ವರಸೆಯಲ್ಲಿ.

ಚಿಕ್ಕಮ್ಮ ಮಾತ್ರ ದೇವರನಾಮದವರೆಗೆ ಹೋದಳು. ಹೋಗಲೇಬೇಕಿತ್ತು, ಏಕೆಂದರೆ ಗಂಡಿನ ಕಡೆಯವರು ಜಮಖಾನದ ಮೇಲೆ ಕೂತು ಸೆಖೆ, ನೀರು, ಬಸ್ಸುಗಳ ವಿಷಯ ಮುಗಿಸಿದ ಮೇಲೆ ಕೇಳುತ್ತಿದ್ದ ಮೊದಲ ಪ್ರಶ್ನೆ ‘ಹುಡುಗಿಗೆ ಹಾಡು ಬರುತ್ತಾ?’. ‘ನಮ್ಮ ಹುಡುಗನಿಗೆ ಸಂಗೀತ ಅಂದ್ರೆ ಪ್ರಾಣ’ ಎಂದು ಅವನ ಅಮ್ಮ ಸೇರಿಸುತ್ತಿದ್ದರು. ಪ್ರಾಣವಿದ್ದ ಹುಡುಗ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿರುತ್ತಿದ್ದ.

ತಾತ ಯೋಚಿಸಿ ಒಂದೇ ಒಂದು ಹಾಡು ಆರಿಸಿದ್ದರು. ಪುರಂದರದಾಸರದ್ದು, ಕಲ್ಯಾಣಿಯಲ್ಲಿ ಕೂರಿಸಿದ್ದು. ಹೆಸರಿನಲ್ಲೇ ಕಲ್ಯಾಣ ಇದೆ, ಇನ್ನೇನು ಬೇಕು ಎನ್ನುವುದು ಅವರ ಲೆಕ್ಕ. ಆ ಹಾಡಿಗೆ ಅಜ್ಜಿ ತನ್ನದೇ ತಾಳ ಹಾಕಿಕೊಂಡಿದ್ದಳು. ಪಲ್ಲವಿ ಶುರುವಾದರೆ ಬಾಣಲೆಯ ಕೆಳಗೆ ಉರಿ ಜಾಸ್ತಿ ಮಾಡುವುದು. ಅನುಪಲ್ಲವಿಗೆ ಒಂದು ಚೂರು ಹಿಟ್ಟು ಬಿಟ್ಟು ಎಣ್ಣೆ ಕಾದಿದೆಯೇ ನೋಡುವುದು. ಮೊದಲ ಚರಣಕ್ಕೆ ಬಾಳೆಕಾಯಿ ಬಿಲ್ಲೆಗಳನ್ನು ಒಂದೊಂದಾಗಿ ಹಿಟ್ಟಿನಲ್ಲಿ ಅದ್ದಿ ಬಿಡುವುದು, ಎರಡನೆಯದಕ್ಕೆ ಮಗುಚುವುದು. ನಡುಮನೆಯಲ್ಲಿ ದಾಸರ ಅಂಕಿತ ಬಂತೋ, ಅಡುಗೆಮನೆಯಲ್ಲಿ ತಟ್ಟೆಗಳ ಸದ್ದು. ಒಮ್ಮೆಯೂ ತಪ್ಪಿದ್ದಿಲ್ಲ. ಆ ತಟ್ಟೆಗಳನ್ನು ಹೊತ್ತು ತರುವ ಕೆಲಸ ನನ್ನದು. ನಡುದಾರಿಯಲ್ಲಿ ಒಂದು ಬಜ್ಜಿ ನನ್ನ ಪಾಲು. ನಾಲ್ಕು ವರ್ಷ, ಹನ್ನೊಂದು ಗಂಡುಗಳು. ರಾಗಕ್ಕೂ ರುಚಿಗೂ ಬೆಸುಗೆಯಾಗಲು ಅಷ್ಟು ಸಾಲದೆ?

ತೊಡಕಿದ್ದದ್ದು ಮಧ್ಯಮದಲ್ಲಿ. ಗಾಬರಿಯಾದರೆ ಚಿಕ್ಕಮ್ಮನ ಪ್ರತಿಮಧ್ಯಮ ಮೆಲ್ಲಗೆ ಕೆಳಕ್ಕೆ ಜಾರಿ ಶುದ್ಧಮಧ್ಯಮವಾಗಿಬಿಡುತ್ತಿತ್ತು. ಅಷ್ಟಾದರೆ ಕಲ್ಯಾಣಿ ಕಲ್ಯಾಣಿಯಾಗಿ ಉಳಿಯುವುದಿಲ್ಲ, ಶಂಕರಾಭರಣದ ಮನೆಗೆ ಹೋಗುತ್ತದೆ. ಅದು 65ನೇ ಮೇಳ, ಇದು 29ನೆಯದು. ಜಾತಕದಲ್ಲಿ 36 ಗುಣ ಕೂಡಿಸಿಕೊಂಡು ಬಂದವರ ಎದುರು ಚಿಕ್ಕಮ್ಮ ಒಂದೇ ಸ್ವರದಲ್ಲಿ 36 ಮೇಳ ಕಳೆದುಬಿಡುತ್ತಿದ್ದಳು. ಮಧ್ಯಮ ಜಾರಿದ ಕೂಡಲೇ ಜಗಲಿಯ ಕಡೆಯಿಂದ ತಾತ ಕೆಮ್ಮುತ್ತಿದ್ದರು. ಅವಳು ಸರಿಮಾಡಿಕೊಳ್ಳುತ್ತಿದ್ದಳು. ತಾತನಿಗೆ ದಮ್ಮು ಇದೆ ಎಂದು ಒಂದು ಸಂಬಂಧ ತಪ್ಪಿಹೋದದ್ದೂ ಉಂಟು.

ಹಾಗಂತ ತಾತ ಸಂಗೀತ ಕಲಿತವರಲ್ಲ. ಅವರದೆಲ್ಲ ಫುಟ್‌ಪಾತಿನ ವಿದ್ಯೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಕಛೇರಿಗಳು 1939ರಿಂದ ನಡೆದು ಬಂದಿವೆ. ಚೆಂಬೈ, ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ ಎಲ್ಲರೂ ಆ ಚಪ್ಪರದ ಕೆಳಗೆ ಹಾಡಿದವರು. ತಾತ ಮಾತ್ರ ಎಂದೂ ಚಪ್ಪರದೊಳಕ್ಕೆ ಹೋದವರಲ್ಲ. ಆಚೆ ರಸ್ತೆಯ ಅಂಚಿನಲ್ಲಿ ಪತ್ರಿಕೆ ಹಾಸಿ, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ‘ಒಳಗೆ ಕೂತವರಿಗೆ ಜರಿ ಪಂಚೆ ಕಾಣತ್ತೆ ಕಣೋ, ಇಲ್ಲಿ ಕೂತವರಿಗೆ ಶ್ರುತಿ ಕೇಳತ್ತೆ’ ಎನ್ನುತ್ತಿದ್ದರು. ಟಿಕೆಟ್ಟಿನ ದುಡ್ಡಿನ ಮಾತು ಎತ್ತುತ್ತಿರಲಿಲ್ಲ. ಹೀಗೆ ದುಡ್ಡಿಲ್ಲದೆ ಕೂಡಿಸಿದ ಶ್ರುತಿಜ್ಞಾನವನ್ನೆಲ್ಲ ಮಗಳ ಮೇಲೆ ಕೆಮ್ಮಿಗಾಗಿ ಖರ್ಚು ಮಾಡಿದರು.

ಹನ್ನೊಂದನೆಯ ಗಂಡು ಬಂದದ್ದು 1978ರ ಆಚೀಚೆ. ಆಗ ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ಹಾಡಾಗಿಸಿದ್ದ ‘ನಿತ್ಯೋತ್ಸವ’ದ ಕ್ಯಾಸೆಟ್ಟು ಹೊಸದು. ಟೇಪ್ ರೆಕಾರ್ಡರ್ ಇದ್ದ ಮನೆಗಳ ಕಿಟಕಿಗಳೆಲ್ಲ ಅದನ್ನೇ ಹಾಡುತ್ತಿದ್ದವು. ಹುಡುಗ ದೇವರನಾಮ ಕೇಳಿ ಮುಗಿಸಿ, ಬಜ್ಜಿಯನ್ನೂ ಮುಗಿಸಿ, ‘ಭಾವಗೀತೆ ಬರಲ್ವಾ?’ ಎಂದ. ತಾತ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ದಾಸರನ್ನು ಅವನು ಹಳೆಯ ಫ್ಯಾಷನ್ ಮಾಡಿಬಿಟ್ಟನಲ್ಲ ಎಂದು ಅವರ ಸಂಕಟ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಹನ್ನೆರಡನೆಯವರು ಎಚ್‌ಎಂಟಿ ಕಾರ್ಖಾನೆಯವರು. ಚಿಕ್ಕಮ್ಮ ಬಂದು ಕೂತಳು. ಅಜ್ಜಿ ಬಾಣಲೆಯ ಮುಂದೆ ಸನ್ನದ್ಧಳಾಗಿ ನಿಂತಳು. ಹುಡುಗ ಚಿಕ್ಕಮ್ಮನ ಮುಖ ನೋಡಿ, ‘ಹಾಡೋದೇನೂ ಬೇಡ ಬಿಡಿ, ಪಾಪ, ಸುಸ್ತಾಗಿರೋ ಹಾಗಿದೆ’ ಎಂದುಬಿಟ್ಟರು. ಅಡುಗೆಮನೆಗೆ ಪಲ್ಲವಿಯೇ ಬರಲಿಲ್ಲ. ಎಣ್ಣೆ ಕಾದು ಹೊಗೆ ಎದ್ದಿತು, ಹಿಟ್ಟು ಹಾಗೇ ಉಳಿಯಿತು. ಬಂದವರು ಬರೀ ಕೇಸರಿಬಾತು ತಿಂದು ಹೊರಟರು. ಮೂರನೇ ದಿನ ಒಪ್ಪಿಗೆಯ ಕಾಗದ ಬಂತು.

ಮದುವೆಯಾದ ಮೇಲೆ ಚಿಕ್ಕಮ್ಮ ಹಾಡಿದ್ದನ್ನು ನಾನು ಕೇಳಲಿಲ್ಲ. ಹಾಡಿಗೆ ಒಪ್ಪಿಸಿದ್ದ ಕೆಲಸ ಮುಗಿದಿತ್ತು. 1997ರಲ್ಲಿ ಕಾಡು ಮಲ್ಲೇಶ್ವರನ ಎದುರು ಮಣ್ಣು ಅಗೆದಾಗ ನಂದಿಯ ಬಾಯಿಂದ ಬರುವ ನೀರು, ಶಿವಲಿಂಗ, ಮೆಟ್ಟಿಲುಗಳ ಸಮೇತ ಒಂದು ಇಡೀ ಕಲ್ಯಾಣಿ ಸಿಕ್ಕಿತು. ಊರೇ ನೋಡಲು ಬಂತು. ಚಿಕ್ಕಮ್ಮನೂ ಬಂದಿದ್ದಳು. ‘ಇಷ್ಟು ವರ್ಷ ಇದರ ಮೇಲೇ ಓಡಾಡ್ತಿದ್ವಲ್ಲೋ’ ಎಂದು ಹೇಳಿ, ಎಂಟನೇ ಕ್ರಾಸಿನಲ್ಲಿ ಸೇವಂತಿಗೆ ಚೌಕಾಸಿ ಮಾಡಲು ಹೋದಳು.

ತಾತನ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕಂತಸ್ತು. ಸಂಪಿಗೆ ರಸ್ತೆಗೆ ಮಾಲ್ ಬಂತು, 2014ರಲ್ಲಿ ಮೆಟ್ರೋ ಬಂತು, ನ್ಯೂ ಕೃಷ್ಣ ಭವನ ಹೋಟೆಲು 2023ರಲ್ಲಿ ಬಾಗಿಲು ಹಾಕಿತು. ಆ ಬೀದಿಯಲ್ಲಿ ಹೊತ್ತಿಗೆ ಸರಿಯಾಗಿ ಹಾಡುವುದು ಈಗ ಕಸದ ಆಟೋ ಒಂದೇ. ಶ್ರುತಿ ಮಾತ್ರ ಪಕ್ಕಾ.

ಚಿಕ್ಕಪ್ಪ ಹೋಗಿ ಮೂರು ವರ್ಷವಾಯಿತು. ಚಿಕ್ಕಮ್ಮ ಯಲಹಂಕದಾಚೆ ಮಗನ ಫ್ಲ್ಯಾಟಿನಲ್ಲಿದ್ದಾಳೆ. ಮೊನ್ನೆ ಹೋದಾಗ ಅವಳ ಮಂಚದ ಪಕ್ಕ ಒಂದು ಇಲೆಕ್ಟ್ರಾನಿಕ್ ತಂಬೂರಿ ಕಂಡಿತು. ಅದೂ ನಮ್ಮೂರಿನದೇ ಸಂತಾನ. ಎಪ್ಪತ್ತರ ದಶಕದ ಕೊನೆಗೆ, ಇಂಜಿನಿಯರೂ ಕೊಳಲುಗಾರರೂ ಆದ ರಾಜ್‌ನಾರಾಯಣ್ ಬೆಂಗಳೂರಿನಲ್ಲಿ ಇಂಥ ಯಂತ್ರಗಳನ್ನು ಮಾಡಲು ಶುರುಮಾಡಿದ್ದು. ಚಿಕ್ಕಮ್ಮ ಹನ್ನೆರಡು ಸಲ ಸಿಂಗರಿಸಿಕೊಳ್ಳುತ್ತಿದ್ದ ಕಾಲದಲ್ಲೇ.

‘ಯಾರದು ಇದು?’ ಎಂದೆ.

‘ನಂದೇ. ಸುಮ್ಮನೆ ಇಟ್ಕೊಂಡಿದೀನಿ.’

ಸುಮ್ಮನೆ ಇಟ್ಟುಕೊಂಡದ್ದರ ಸ್ವಿಚ್ಚಿನ ಹತ್ತಿರ ಬಣ್ಣ ಸವೆದಿತ್ತು. ಹಾಡು ಎಂದೆ. ಗಂಟಲಿಲ್ಲ ಎಂದಳು, ಮರೆತಿದೆ ಎಂದಳು, ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದಳು. ಅದೇ ಹಾಡು. ದನಿ ನಡುಗುತ್ತಿತ್ತು, ಆದರೆ ಅವಸರವಿರಲಿಲ್ಲ. ಬಾಣಲೆಗೆ ಹೆದರದೆ ಆ ಹಾಡು ಅಷ್ಟು ನಿಧಾನವಾಗಿ ನಡೆದದ್ದನ್ನು ನಾನು ಕೇಳಿರಲಿಲ್ಲ. ಎರಡನೇ ಚರಣದಲ್ಲಿ ಮಧ್ಯಮ ಜಾರಿತು.

ನನಗೇ ಗೊತ್ತಿಲ್ಲದೆ ನಾನು ಕೆಮ್ಮಿದೆ.

ಚಿಕ್ಕಮ್ಮ ಕಣ್ಣು ತೆರೆಯದೆ ಮಧ್ಯಮವನ್ನು ಮೇಲಕ್ಕೆತ್ತಿಕೊಂಡಳು. ಅಂಕಿತದವರೆಗೆ ಹಾಡಿ, ತಂಬೂರಿ ಆರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು.

‘ಬಜ್ಜಿ ಇಲ್ಲ ಕಣೋ, ಬಿಸ್ಕತ್ತು ಇದೆ. ಕೊಡಲಾ?’