ಸೂಟಿಯ ಕಂಡಿಕೆ

ಶಾಲೆಯ ಗೋಡೆಗೆ ಫಲಿತಾಂಶ ಹಚ್ಚಿದ ಮರುದಿನವೇ ಅಪ್ಪ ನನ್ನನ್ನು ಜಮಖಂಡಿಯಲ್ಲಿ ಬನಹಟ್ಟಿಯ ಬಸ್ಸು ಹತ್ತಿಸಿಬಿಡುತ್ತಿದ್ದ. ಸೂಟಿ ಎಂದರೆ ಮಾಮಾನ ಮನೆ. ಓರಗೆಯವರು ಸೂಟಿಯಲ್ಲಿ ಮಾವಿನಕಾಯಿಗೆ ಕಲ್ಲು ಹೊಡೆದ ಕಥೆ ಹೇಳುತ್ತಾರೆ. ನನ್ನ ಕಥೆಯಲ್ಲಿ ಇರುವುದು ಒಂದು ರಾಟಿ, ಒಂದಿಷ್ಟು ಲಡಿ ನೂಲು, ಹಿಂದೆ ಕೂತ ಆಯಿ.

ಬನಹಟ್ಟಿ ಮೊದಲು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಪಕ್ಕದ ರಬಕವಿ ಸಾಂಗಲಿ ಸಂಸ್ಥಾನಕ್ಕೆ. ಕೂಗಿದರೆ ಕೇಳುವಷ್ಟು ದೂರದ ಎರಡು ಊರು, ಇಬ್ಬರು ಪಟವರ್ಧನ ದೊರೆಗಳು. 1948ರಲ್ಲಿ ಸಂಸ್ಥಾನಗಳು ಹೋದವು. ಈಗ ಎರಡಕ್ಕೂ ಒಂದೇ ನಗರಸಭೆ. ಮಗ್ಗದ ಸದ್ದಂತೂ ಮೊದಲಿನಿಂದಲೂ ಒಂದೇ ಇತ್ತು.

ಮಾಮಾನದು ಕುಣಿ ಮಗ್ಗ. ಬೇಸಿಗೆಯೆಂದರೆ ಲಗ್ನದ ದಿನಗಳು, ಸೀರೆಗೆ ಗಿರಾಕಿ. ಆದರೆ ಅದೇ ಬಿಸಿಲಿಗೆ ಹತ್ತಿಯ ಎಳೆ ಒಣಗಿ ಪಟಪಟ ಹರಿಯುತ್ತದೆ. ಮಾಮಾ ನೆಲಕ್ಕೆ ನೀರು ಚಿಮುಕಿಸಿ ಕುಣಿಗೆ ಇಳಿಯುತ್ತಿದ್ದ. ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಿಕೊಡುವುದು ನಮ್ಮ ಪಾಲಿನ ಕೆಲಸ. ಬಲಗೈಯಲ್ಲಿ ರಾಟಿ ತಿರುವಬೇಕು, ಎಡಗೈಯ ಎರಡು ಬೆರಳ ನಡುವೆ ಎಳೆ ಓಡಬೇಕು. ಬುಡದಲ್ಲಿ ದಪ್ಪಗಾಗಿ, ತುದಿಗೆ ಹೋಗುತ್ತ ಸಣ್ಣಗಾಗಬೇಕು. ಬಿಗಿ ತಪ್ಪಿದರೆ ಆಗ ಗೊತ್ತಾಗುವುದಿಲ್ಲ. ಲಾಳಿಯೊಳಗೆ ಹೋಗಿ ನಾಲ್ಕು ಸಲ ಓಡಿದ ಮೇಲೆ ಸುತ್ತುಗಳೆಲ್ಲ ಒಮ್ಮೆಗೇ ಜಾರಿ, ಗೋಜಲಾಗಿ, ಮಗ್ಗ ನಿಲ್ಲುತ್ತದೆ. ಆಗ ಕುಣಿಯಿಂದ ಮಾಮಾನ ದನಿ:

“ಈ ಕಂಡಕಿ ಯಾಂವ ಸುತ್ಯಾನ?”

ಕೇಳುವುದು ಸುಮ್ಮನೆ. ನೋಡಿದರೇ ಅವನಿಗೆ ಗೊತ್ತಿರುತ್ತಿತ್ತು. ಅಕ್ಷರದಲ್ಲಿ ಬರೆದವರು ಕಾಣುವ ಹಾಗೆ ಕಂಡಿಕೆಯಲ್ಲಿ ಸುತ್ತಿದವರು ಕಾಣುತ್ತಾರೆ. ಆಯಿಯದು ಕಲ್ಲಿನಂತೆ ಬಿಗಿ. ಮಾಮಾನ ಮಗನದು ನಡುವೆ ಉಬ್ಬು. ನನ್ನದು ಬುಡದಲ್ಲಿ ಗಟ್ಟಿ, ಅರ್ಧಕ್ಕೆ ಬೇಸರ ಬಂದು ತುದಿಯಲ್ಲಿ ಸಡಿಲ. ಆಯಿ ಅದಕ್ಕೆ “ಸೂಟಿ ಕಂಡಕಿ” ಎಂದು ಹೆಸರಿಟ್ಟಿದ್ದಳು.

ಸಂತೆಯ ದಿನ ಕೈಗೆ ಚಿಲ್ಲರೆ ಬೀಳುತ್ತಿತ್ತು. ಐಸ್‌ಕ್ಯಾಂಡಿ ತಿಂದು ನಾಲಿಗೆ ಕೆಂಪಾಗಿಸಿಕೊಂಡು ಬರುತ್ತಿದ್ದೆ. ಸ್ವಂತ ದುಡಿಮೆಯ ನಾಲಿಗೆ!

ಇದನ್ನೆಲ್ಲ ಹೇಳುವಾಗ ಪಕ್ಕದ ಮನೆಯ ಹುಡುಗಿಯೊಬ್ಬಳನ್ನು ನಾನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇನೆ. ನನ್ನದೇ ವಯಸ್ಸು. ಅವಳ ಕಂಡಿಕೆ ಒಂದು ಸಲವೂ ಜಾರಿದ್ದಿಲ್ಲ. ಅದಕ್ಕೆ ಕಾರಣ ಕೇಳುವುದು ನನಗಾಗ ಹೊಳೆಯಲಿಲ್ಲ. ಸೂಟಿ ಮುಗಿಸಿ ನಾನು ಚೀಲ ಹೆಗಲಿಗೇರಿಸುವಾಗಲೂ ಅವಳು ರಾಟಿಯ ಮುಂದೇ ಇರುತ್ತಿದ್ದಳು. ಮುಂದಿನ ಬೇಸಿಗೆಯಲ್ಲಿ ಹೋದಾಗಲೂ ಅಲ್ಲೇ.

ಬಾಲಕಾರ್ಮಿಕರ ಕಾಯ್ದೆ ಬಂದದ್ದು 1986ರಲ್ಲಿ. 2016ರಲ್ಲಿ ತಿದ್ದಿದಾಗ ಹದಿನಾಲ್ಕು ದಾಟದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದರು. ಜೊತೆಗೆ ಒಂದು ಕಿಂಡಿ ಬಿಟ್ಟರು: ಅಪಾಯವಿಲ್ಲದ ಮನೆತನದ ಕಸುಬಿನಲ್ಲಿ, ಓದಿಗೆ ತೊಡಕಾಗದಂತೆ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಬಹುದು. ನನ್ನ ಸೂಟಿಯನ್ನು ನೋಡಿಯೇ ಬರೆದಂತಿದೆ. ಆದರೆ ಅದೇ ಕಿಂಡಿಯಿಂದ ನೋಡಿದರೆ ಆ ಹುಡುಗಿಯೂ ‘ಮನೆತನದ ಕಸುಬಿಗೆ ಕೈಜೋಡಿಸಿದವಳು’ ಅಷ್ಟೇ. ರಜೆ ಯಾವಾಗ ಮುಗಿಯಿತೆಂದು ಮನೆಯೊಳಗೆ ಬಂದು ನೋಡುವವರು ಯಾರು?

ಈಗ ಬೇಸಿಗೆಯೆಂದರೆ ಶಿಬಿರ. ಹಳ್ಳಿಯ ಮಕ್ಕಳಿಗೂ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಥೆ, ಚಿತ್ರ, ಆಟ. ಒಳ್ಳೆಯದೇ. ಊರಲ್ಲಿ ಪಾವರ್‌ಲೂಮ್ ತುಂಬಿವೆ, ಕಂಡಿಕೆ ಸುತ್ತಲು ಮಶಿನ್ನು. ಎಲ್ಲವೂ ಒಂದೇ ಅಚ್ಚು, ಯಾರನ್ನೂ ಬೈಯುವಂತಿಲ್ಲ. ಮಾಮಾನ ಮಗ ಕೈಮಗ್ಗ ಅಭಿವೃದ್ಧಿ ನಿಗಮಕ್ಕೆ ಸಮವಸ್ತ್ರದ ಬಟ್ಟೆ ನೇಯುತ್ತಾನೆ. ವಿದ್ಯಾವಿಕಾಸ ಯೋಜನೆಯಲ್ಲಿ ಸರಕಾರಿ ಶಾಲೆಯ ಮಕ್ಕಳಿಗೆ ಹೋಗುವ ಬಟ್ಟೆ ಅದು.

ಹೋದ ಮೇ ತಿಂಗಳಲ್ಲಿ ಹೋಗಿದ್ದೆ. ಮಾಳಿಗೆಯ ಮೇಲೆ ಹಳೆಯ ರಾಟಿ ಸಿಕ್ಕಿತು. ಹುಮ್ಮಸ್ಸಿನಿಂದ ಧೂಳು ಕೊಡವಿ ಒಂದು ಕಂಡಿಕೆ ಸುತ್ತಿದೆ. ಮಾಮಾನಿಗೆ ಈಗ ಕಣ್ಣು ಅಷ್ಟಕ್ಕಷ್ಟೆ. ಕಂಡಿಕೆ ಕೈಗಿಟ್ಟೆ. ಬುಡದಿಂದ ಮೇಲಕ್ಕೆ ಹೆಬ್ಬೆಟ್ಟು ಆಡಿಸುತ್ತ ಬಂದು, ತುದಿಯಲ್ಲಿ ಒತ್ತಿ ನೋಡಿ, ನನ್ನ ಕಡೆ ತಿರುಗಿದ.

“ಜಮಖಂಡಿಯಿಂದ ಯಾವಾಗ ಬಂದಿ?”