ಐಹೊಳೆಯಿಂದ ಕೂಡಲಸಂಗಮಕ್ಕೆ

ಕೆನಡಾ ದೇಶದಲ್ಲಿ ತುಪ್ಪಳದ ವ್ಯಾಪಾರಿಗಳು ಹಿಂದೆ ಸಾಗಿದ ಸರೋವರಗಳ ಹಾದಿಯನ್ನು ಇಂದಿಗೂ ಕೆಲವರು ಹಗುರ ದೋಣಿಗಳಲ್ಲಿ ಅನುಸರಿಸುವರೆಂದು ಓದಿದಾಗ ನಮ್ಮ ಐಹೊಳೆಯ ವರ್ತಕರ ನೆನಪಾಯಿತು. ಅಯ್ಯಾವೊಳೆ ಐನೂರ್ವರು ನೆಲದ ಹಾದಿ, ನೀರಿನ ಹಾದಿಗಳೆರಡರಲ್ಲಿಯೂ ಸಂಚರಿಸಿ ಕುದುರೆ, ಮುತ್ತು, ಏಲಕ್ಕಿ, ಕರ್ಪೂರ, ಕಸ್ತೂರಿಗಳನ್ನು ಮಾರಿದರೆಂದು ಶಾಸನಗಳು ಸಾರುತ್ತವೆ. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನವೂ ಈ ಸಂಘದ್ದೇ.

ಕಳೆದ ಚಳಿಗಾಲದಲ್ಲಿ ಗೆಳೆಯರಿಬ್ಬರೊಡನೆ ಮಲಪ್ರಭೆಯ ದಂಡೆ ಹಿಡಿದು ಐಹೊಳೆಯಿಂದ ಸಂಗಮದತ್ತ ನಡೆದೆನು. ನಿಜ ಹೇಳುವುದಾದರೆ ಇದು ನಾವೆ ನಡೆಸುವ ನದಿಯಲ್ಲ. ಬೇಸಿಗೆಯಲ್ಲಿ ಮೊಣಕಾಲುದ್ದ, ಮಳೆಗಾಲದಲ್ಲಿ ಮಹಾಪೂರ. ಸರಕು ಸಾಗಿದ್ದು ಕತ್ತೆ ಕೋಣಗಳ ಬೆನ್ನ ಮೇಲೆ. ಹೊಳೆ ಅಡ್ಡ ಬಂದಲ್ಲಿ ಹರಗೋಲು. ಬುಟ್ಟಿಯಂತೆ ಹೆಣೆದು ತೊಗಲು ಹೊದಿಸಿದ ಈ ದೋಣಿಯನ್ನು 1520ರ ಸುಮಾರಿಗೆ ವಿಜಯನಗರದಲ್ಲಿ ಕಂಡ ಪೋರ್ತುಗೀಜ ಪ್ರವಾಸಿ ಪೇಯಸ್, ಅದು ಹದಿನೈದಿಪ್ಪತ್ತು ಜನರನ್ನು ಹೊರುತ್ತದೆಂದು ಬರೆದಿದ್ದಾನೆ.

ಸಂಗಮದ ಬಳಿ ನಾವು ಏರಿದ ಹರಗೋಲಿಗೆ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು! 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಇಲ್ಲಿಯವರೆಗೂ ಚಾಚಿತು. ಬಸವಣ್ಣನವರ ಐಕ್ಯಮಂಟಪವನ್ನೇ ಸುತ್ತುಗೋಡೆ ಕಟ್ಟಿ, ಬಾವಿಯೊಳಗೆಂಬಂತೆ ಉಳಿಸಿಕೊಳ್ಳಬೇಕಾಯಿತು.

“ಹಳೇ ಹಾಯ್ಗಡ ಎಲ್ಲೈತಿ, ಯಜಮಾನ್ರ?” ಎಂದು ಕೇಳಿದೆ. ಮುದಿ ಅಂಬಿಗನು ಗಳುವನ್ನು ನೀರಿಗಿಳಿಸಿದನು, ತಳ ಸಿಗಲಿಲ್ಲ.

“ಇಲ್ಲೇ ಕೆಳಗೈತ್ರಿ ಸರ. ನಮ್ಮಪ್ಪ ನನಗ ತೋರಿಸಿದ್ದ. ನನ್ನ ಮಗಗ ನಾ ಏನ್ ತೋರಿಸ್ಲಿ?”

ಮಗನು ಇಳಕಲ್ಲಿನ ಕಡೆ ಗ್ರಾನೈಟ್ ಕೆಲಸಕ್ಕೆ ಹೋಗಿರುವನಂತೆ. ಮುದುಕನು ಬೊಟ್ಟುಮಾಡಿದ ಎಡೆಯನ್ನು ನಕ್ಷೆಯಲ್ಲಿ ಗುರುತಿಸಿಕೊಂಡು ಬಂದಿದ್ದೇನೆ. ಅದು ಈಗ ನಮ್ಮ ಶಾಲೆಯ ಭೂಗೋಲದ ಕೋಣೆಯಲ್ಲಿದೆ.