ಅನ್ನ ಬಿಟ್ಟ ಆರು ದಿನ

ಕಳೆದ ವಾರ ಗಾಳಿ ಆಂಜನೇಯನ ಗುಡಿಯಿಂದ ಬಾಪೂಜಿ ನಗರದ ಮನೆಗೆ ಮರಳುತ್ತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ಎದುರಾಗಿ ನಮಸ್ಕರಿಸಿದ. ಮುಖದಲ್ಲಿ ಕಳವಳವಿತ್ತು. "ಮೇಷ್ಟ್ರೇ, ಅಮೆರಿಕದಲ್ಲಿರುವ ಮಗಳಿಗೆ ಲೈಮ್ ಕಾಯಿಲೆಯಂತೆ. ಸಕ್ಕರೆ, ಅನ್ನ, ಚಪಾತಿ ಎಲ್ಲವನ್ನೂ ಬಿಟ್ಟಿದ್ದಾಳೆ. ತಮಗೂ ಅದು ಬಂದಿತ್ತಲ್ಲ, ತಾವೇನು ಮಾಡಿದಿರಿ?" ಎಂದು ಕೇಳಿದ. ರಸ್ತೆಯಲ್ಲಿ ನಿಂತು ಹೇಳಿ ಮುಗಿಸುವ ಕಥೆ ಅದಲ್ಲವಾದ್ದರಿಂದ ಬರೆದು ತಿಳಿಸುವುದಾಗಿ ಮಾತು ಕೊಟ್ಟೆ. ನಿಮ್ಮಲ್ಲಿ ಹಲವರ ಮಕ್ಕಳು ಆ ದೇಶದಲ್ಲಿರುವುದರಿಂದ ಎಲ್ಲರಿಗೂ ಉಪಯೋಗವಾದೀತೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

2019ರ ಬೇಸಿಗೆಯಲ್ಲಿ ನಾನೂ ನನ್ನ ಶ್ರೀಮತಿಯೂ ಕನೆಕ್ಟಿಕಟ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮನೆಯ ಹಿಂದೆಯೇ ಕಾಡು. ಸಂಜೆಯಾದರೆ ಜಿಂಕೆಗಳು ಹಿತ್ತಲಿಗೆ ಬರುತ್ತಿದ್ದವು. ಒಂದು ದಿನ ಮೊಣಕಾಲಿನ ಹಿಂಬದಿಯಲ್ಲಿ ಅಂಗೈ ಅಗಲದ ಕೆಂಪು ಮಚ್ಚೆ ಕಾಣಿಸಿತು. ಜೊತೆಗೆ ಜ್ವರ, ಮೈಕೈ ನೋವು. ವೈದ್ಯರು ಮಚ್ಚೆಯನ್ನು ನೋಡಿದೊಡನೆಯೇ ಲೈಮ್ ಎಂದರು. ಅದೇ ರಾಜ್ಯದ ಲೈಮ್ ಎಂಬ ಊರಿನ ಸುತ್ತಮುತ್ತ 1970ರ ದಶಕದಲ್ಲಿ ಅನೇಕ ಮಕ್ಕಳಿಗೆ ಕೀಲುಗಳು ಊದಿಕೊಂಡಾಗ ಈ ಕಾಯಿಲೆ ಗಮನಕ್ಕೆ ಬಂದು ಆ ಹೆಸರು ಪಡೆಯಿತು. ಇದನ್ನು ಹರಡುವುದು ಉಣ್ಣೆ. ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯೂ ಉಣ್ಣೆಯಿಂದಲೇ ಬರುವಂಥದು. ಆದರೆ ಅದು ವೈರಸ್ಸಿನಿಂದ ಬರುವ ರೋಗ. ಲೈಮ್ ಬ್ಯಾಕ್ಟೀರಿಯಾದಿಂದ ಬರುವುದಾದ್ದರಿಂದ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ. ನನಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡು ಬಾರಿಯಂತೆ 14 ದಿನಕ್ಕೆ ಬರೆದುಕೊಟ್ಟರು.

ಅಂದು ಸಂಜೆಯೇ ಬಂಧುಗಳೊಬ್ಬರು ಫೋನು ಮಾಡಿ, "ಆ ಕ್ರಿಮಿಗೆ ಸಕ್ಕರೆಯೇ ಆಹಾರ. ಸಿಹಿ, ಅನ್ನ, ಹಿಟ್ಟು ನಿಲ್ಲಿಸಿದರೆ ಅದು ಹಸಿದು ಸಾಯುತ್ತದೆ" ಎಂದರು. ಜ್ವರಕ್ಕೆ ಲಂಘನವೇ ಮದ್ದೆಂದು ಕೇಳುತ್ತ ಬೆಳೆದ ನನಗೆ ಈ ತರ್ಕ ಹಿಡಿಸಿತು. ಆದರೆ ಸಸ್ಯಾಹಾರಿಯಾದವನು ಅನ್ನ, ಗೋಧಿ, ರಾಗಿ, ಬೇಳೆಗಳನ್ನು ಬಿಟ್ಟರೆ ತಟ್ಟೆಯಲ್ಲಿ ಉಳಿಯುವುದೇನು? ಸೊಪ್ಪಿನ ಪಲ್ಯ, ನಾಲ್ಕು ಬಾದಾಮಿ, ಪನೀರು, ಮೊಸರು. ಮಾತ್ರೆಯನ್ನು ಒಂದು ಲೋಟ ಮಜ್ಜಿಗೆಯೊಂದಿಗೆ ನುಂಗುತ್ತಿದ್ದೆ. ಮೂರನೆಯ ದಿನಕ್ಕೆ ವಾಕರಿಕೆ ಹತ್ತಿತು. ಐದನೆಯ ದಿನ ಎದ್ದು ನಿಂತರೆ ಕಣ್ಣು ಕತ್ತಲೆ.

ಆರನೆಯ ದಿನ ನಾನು ಮಾಡಿದ್ದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಪಥ್ಯವನ್ನು ಬಿಡಲಿಲ್ಲ, ಮಾತ್ರೆಯನ್ನೇ ಬಿಟ್ಟೆ. ರಾತ್ರಿ ನುಂಗಬೇಕಾದದ್ದನ್ನು ಕಾಗದದಲ್ಲಿ ಸುತ್ತಿ ದಿಂಬಿನ ಕೆಳಗಿಟ್ಟೆ. ಬೆಳಿಗ್ಗೆ ಹಾಸಿಗೆ ಕೊಡವುವಾಗ ಅದು ಶ್ರೀಮತಿಯ ಕೈಗೆ ಸಿಕ್ಕಿತು. ಅವಳು ಬೈಯಲಿಲ್ಲ, ಮಂಚದ ಅಂಚಿನಲ್ಲಿ ಕುಳಿತು ಅತ್ತಳು. ಮಾತ್ರೆ ನುಂಗದ ಮಕ್ಕಳಿಗೆ ತರಗತಿಯಲ್ಲಿ ಬುದ್ಧಿ ಹೇಳುತ್ತಿದ್ದ ಮೇಷ್ಟ್ರು ನಾನು!

ಮಗಳು ವೈದ್ಯರ ಬಳಿಗೆ ಕರೆದೊಯ್ದಳು. ಅವರು ತಾಳ್ಮೆಯಿಂದ ವಿವರಿಸಿದರು: ನಾವು ಉಣ್ಣದಿದ್ದರೂ ಯಕೃತ್ತು ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಒದಗಿಸುತ್ತಲೇ ಇರುತ್ತದೆ, ಆದ್ದರಿಂದ ಅನ್ನ ಬಿಟ್ಟರೆ ಸೊರಗುವವನು ರೋಗಿಯೇ ಹೊರತು ಕ್ರಿಮಿಯಲ್ಲ. ಬರಿಹೊಟ್ಟೆಯಲ್ಲಿ ಈ ಮಾತ್ರೆ ವಾಕರಿಕೆ ತರುತ್ತದೆ. ಹಾಲು, ಮಜ್ಜಿಗೆಗಳಲ್ಲಿರುವ ಕ್ಯಾಲ್ಸಿಯಂ ಮಾತ್ರೆಯೊಡನೆ ಬೆರೆತು, ಅದು ಮೈಗೆ ಹತ್ತುವುದನ್ನು ಕುಂದಿಸುತ್ತದೆ. ಅಂದರೆ ನನ್ನ ಪಥ್ಯವು ಮದ್ದಿನ ಕೈಯನ್ನೇ ಕಟ್ಟಿಹಾಕುತ್ತಿತ್ತು.

ಅಂದು ಮಧ್ಯಾಹ್ನ ಶ್ರೀಮತಿ ಮೆತ್ತಗೆ ಅನ್ನ ಮಾಡಿ ತಿಳಿಸಾರು ಬಡಿಸಿದಳು. ಉಂಡಮೇಲೆ ಲೋಟದ ತುಂಬ ನೀರಿನೊಂದಿಗೆ ಮಾತ್ರೆ ನುಂಗಿ, ಮಲಗದೆ ಅರ್ಧ ಗಂಟೆ ಕುಳಿತಿದ್ದೆ. ಮೊಸರನ್ನು ಮಾತ್ರೆಯಿಂದ ಎರಡು ಗಂಟೆ ದೂರವಿಟ್ಟೆ. ಬಿಸಿಲಿಗೆ ಹೋಗುವಾಗ ತುಂಬುತೋಳಿನ ಅಂಗಿ, ಟೋಪಿ. ಈ ಮಾತ್ರೆಯಿಂದ ಚರ್ಮ ಬೇಗ ಸುಡುತ್ತದೆ. ಉಳಿದ ಮಾತ್ರೆಗಳನ್ನೆಲ್ಲ ಮುಗಿಸಿದೆ. ಮಚ್ಚೆ ಮಾಸಿತು, ಆಯಾಸ ಹೋಗಲು ಮಾತ್ರ ಇನ್ನೂ ಕೆಲವು ವಾರ ಹಿಡಿಯಿತು.

ಸಕ್ಕರೆ ತಗ್ಗಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕಾಫಿಗೆ ಎರಡು ಚಮಚ ಹಾಕುತ್ತಿದ್ದವನು ಇಂದು ಅರ್ಧ ಚಮಚಕ್ಕೆ ಇಳಿದಿದ್ದೇನೆ. ಸಕ್ಕರೆ ಕಾಯಿಲೆಯುಳ್ಳವರು ಅನ್ನದ ಅಳತೆಯನ್ನು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಆದರೆ ಪಥ್ಯವೆಂಬುದು ಮದ್ದಿಗೆ ಜೊತೆಯಾಗಿರಬೇಕು, ಅದರ ಜಾಗದಲ್ಲಿ ಕೂರಬಾರದು.

ಆದ್ದರಿಂದ ಮಗೂ, ನಿನ್ನ ಮಗಳಿಗೆ ಇಂದೇ ಫೋನು ಮಾಡು. ಏನು ಬಿಟ್ಟೆ ಎಂದು ಮೊದಲು ಕೇಳಬೇಡ. ಮಾತ್ರೆ ತಪ್ಪದೆ ನುಂಗುತ್ತಿದ್ದೀಯಾ ಎಂದು ಕೇಳು. ಆಮೇಲೆ, ಊಟವಾಯಿತೇ ಎಂದು ಕೇಳು. ಅವಳು ಬೇಗ ಗುಣವಾಗಲಿ.